ಪದ ಎಣಿಸುವವರಿಗೆ ಕಾಣದ ಕನ್ನಡ

ಎರಡು ವಾಕ್ಯಗಳನ್ನು ನೋಡಿ. ‘ನಂಗೆ ತುಂಬಾ ಬೋರ್ ಆಗ್ತಿದೆ.’ ‘ಈ ನಿರ್ಧಾರವು ಸಮಿತಿಯಿಂದ ತೆಗೆದುಕೊಳ್ಳಲ್ಪಟ್ಟಿತು.’ ಇವುಗಳಲ್ಲಿ ಯಾವುದು ಕನ್ನಡ?

ನಮ್ಮ ಭಾಷೆಯ ಕಾವಲುಗಾರರ ಕೈಗೆ ಕೊಟ್ಟರೆ ಮೊದಲನೆಯದಕ್ಕೆ ಕೆಂಪು ಗೆರೆ ಬೀಳುತ್ತದೆ, ‘ಬೋರ್’ ಇಂಗ್ಲಿಷ್ ಪದವಾದ್ದರಿಂದ. ಎರಡನೆಯದರಲ್ಲಿ ಹುಡುಕಿದರೂ ಇಂಗ್ಲಿಷ್ ಪದವಿಲ್ಲ, ಹಾಗಾಗಿ ಅದು ಪಾಸು. ನಾನು ಹೇಳುವುದು ಇದಕ್ಕೆ ಪೂರ್ತಿ ಉಲ್ಟಾ. ಮೊದಲನೆಯದು ಅಪ್ಪಟ ಕನ್ನಡ. ಎರಡನೆಯದು ಕನ್ನಡದ ಬಟ್ಟೆ ತೊಟ್ಟ ಇಂಗ್ಲಿಷ್. ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಯಾರೂ ಹಾಗೆ ಮಾತಾಡುವುದಿಲ್ಲ; ‘ಸಮಿತಿ ಹೀಗೆ ತೀರ್ಮಾನಿಸಿತು’ ಅನ್ನುತ್ತೇವೆ, ಅಷ್ಟೆ.

‘ನನಗೆ ಇಂಥದ್ದು ಆಗ್ತಿದೆ’ ಎನ್ನುವುದು ವಾಕ್ಯದ ಒಂದು ಅಚ್ಚು. ಹಸಿವು, ಚಳಿ, ಬೇಜಾರು, ಖುಷಿ, ಟೆನ್ಷನ್ ಏನೇ ಹಾಕಿದರೂ ಅದರಿಂದ ಕನ್ನಡವೇ ಹೊರಬರುತ್ತದೆ. ಅನುಭವ ನನ್ನ ಮೇಲೆ ಬಂತು, ನಾನಾಗಿ ಮಾಡಿದ್ದಲ್ಲ ಎಂಬ ಅರ್ಥವಿರುವುದು ಒಳಗೆ ಹಾಕಿದ ಪದದಲ್ಲಲ್ಲ, ಅಚ್ಚಿನಲ್ಲಿ.

ಭಾಷಾವಿಜ್ಞಾನದಲ್ಲಿ ಹೀಗೆ ನೋಡುವುದಕ್ಕೆ ಕನ್‌ಸ್ಟ್ರಕ್ಷನ್ ಗ್ರಾಮರ್ ಎಂದು ಹೆಸರು. 1980ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಚಾರ್ಲ್ಸ್ ಫಿಲ್ಮೋರ್ ಮತ್ತು ಸಂಗಡಿಗರು ಇದಕ್ಕೆ ತಳಪಾಯ ಹಾಕಿದರು. 1995ರಲ್ಲಿ ಅಡೆಲ್ ಗೋಲ್ಡ್‌ಬರ್ಗ್ ಅವರ ಪುಸ್ತಕ ಬಂದ ಮೇಲೆ ಅದು ಹೆಚ್ಚು ಹರಡಿತು. ಭಾಷೆ ಎಂದರೆ ಒಂದು ಕಡೆ ಪದಗಳ ರಾಶಿ, ಇನ್ನೊಂದು ಕಡೆ ಅವುಗಳನ್ನು ಜೋಡಿಸುವ ಅರ್ಥವಿಲ್ಲದ ನಿಯಮಗಳು ಎಂಬುದನ್ನು ಇವರು ಒಪ್ಪುವುದಿಲ್ಲ. ಪದಕ್ಕೆ ಅರ್ಥವಿರುವಂತೆ ಅಚ್ಚಿಗೂ ಅರ್ಥವಿದೆ, ಮಗು ಪದ ಕಲಿಯುವಂತೆ ಅಚ್ಚನ್ನೂ ಕಲಿಯುತ್ತದೆ ಎನ್ನುತ್ತಾರೆ.

ಇವರ ಪ್ರಸಿದ್ಧ ಉದಾಹರಣೆಗಳೆಲ್ಲ ಇಂಗ್ಲಿಷಿನವು. ಅಲ್ಲಿ ‘ಸೀನು’ ಎಂಬ ಕ್ರಿಯಾಪದವೊಂದರಿಂದಲೇ ಮೇಜಿನ ಮೇಲಿನ ಕಾಗದವನ್ನು ಕೆಳಗೆ ಬೀಳಿಸಬಹುದು. ಬೀಳಿಸುವ ಅರ್ಥವನ್ನು ಅಚ್ಚೇ ತಂದುಕೊಡುತ್ತದೆ. ಕನ್ನಡದಲ್ಲಿ ಅದು ಸಾಗದು. ‘ಸೀನಿದ ರಭಸಕ್ಕೆ ಕಾಗದ ಹಾರಿಹೋಯ್ತು’ ಎಂದು ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ಹೇಳಬೇಕು. ಇಂಗ್ಲಿಷಿನ ಅಚ್ಚುಗಳ ಪಟ್ಟಿ ಹಿಡಿದು ಕನ್ನಡದಲ್ಲಿ ಹುಡುಕಹೊರಟವರಿಗೆ ಇದು ಕೊರತೆಯಂತೆ ಕಂಡೀತು. ಅದು ತಪ್ಪು ದಾರಿ. ಪ್ರತಿ ಭಾಷೆಯ ವರ್ಗಗಳನ್ನೂ ಅದರ ಅಚ್ಚುಗಳಿಂದಲೇ ಕಂಡುಕೊಳ್ಳಬೇಕು ಎಂದು ವಿಲಿಯಂ ಕ್ರಾಫ್ಟ್ 2001ರಲ್ಲೇ ವಾದಿಸಿದ್ದಾರೆ.

ಕನ್ನಡದ ಕಡೆಯಿಂದ ಹೊರಟು ನೋಡಿ. ಹೇಳಿಬಿಡು, ಹೇಳಿನೋಡು, ಹೇಳಿಕೊಡು, ಹೇಳಿಕೊ. ಒಂದರಲ್ಲಿ ಮುಚ್ಚಿಡಬೇಡ ಎಂಬ ಒತ್ತಾಯ, ಇನ್ನೊಂದರಲ್ಲಿ ಏನಾಗುತ್ತದೋ ಪರೀಕ್ಷಿಸು ಎಂಬ ಸಲಹೆ, ಮತ್ತೊಂದು ಪಾಠ, ಕೊನೆಯದು ಮನಸ್ಸು ಹಗುರ ಮಾಡಿಕೊಳ್ಳುವ ಮಾತು. ಬಿಡು, ನೋಡು, ಕೊಡು, ಕೊಳ್ಳು ಪದಗಳಿಗೆ ನಿಘಂಟು ಕೊಡುವ ಮೊದಲ ಅರ್ಥಗಳನ್ನು ಕೂಡಿಸಿದರೆ ಇದು ಸಿಗುವುದಿಲ್ಲ. ಇನ್ನು ‘ಪುಸ್ತಕ ಗಿಸ್ತಕ’, ‘ಕಾಫಿ ಗೀಫಿ’. ಗಿಸ್ತಕ, ಗೀಫಿ ಯಾವ ನಿಘಂಟಿನಲ್ಲೂ ಇಲ್ಲ. ಆದರೂ ನಾಳೆ ಹೊಸ ವಸ್ತುವೊಂದು ಬಂದರೆ ಅದರ ಜೋಡಿಯನ್ನು ನೀವು ತಡವರಿಸದೆ ಹೇಳುತ್ತೀರಿ, ‘ಪಾಸ್‌ವರ್ಡ್ ಗೀಸ್‌ವರ್ಡ್’ ಅಂತ. ಜೊತೆಗೆ ಸಣ್ಣ ಉಡಾಫೆಯೂ ಸೇರಿಕೊಳ್ಳುತ್ತದೆ.

ನಮ್ಮ ಶಾಲೆಯ ವ್ಯಾಕರಣಕ್ಕೆ ಇದರಲ್ಲಿ ಆಸಕ್ತಿಯಿಲ್ಲ. ‘ಗೆ’ ಚತುರ್ಥಿ, ಅದರ ಅರ್ಥ ಸಂಪ್ರದಾನ, ಅಂದರೆ ಕೊಡುವಿಕೆ ಎಂದು ಬಾಯಿಪಾಠ ಮಾಡಿಸುತ್ತದೆ. ‘ನನಗೆ ಹಸಿವಾಗಿದೆ’ ಎಂಬಲ್ಲಿ ಯಾರು ಯಾರಿಗೆ ಏನು ಕೊಟ್ಟರು? ‘ನನಗೆ ಈಜು ಬರುತ್ತೆ’ ಎಂಬಲ್ಲಿ? ಸಂಸ್ಕೃತದ ಚೌಕಟ್ಟು ಕನ್ನಡಕ್ಕೆ ಹೊಂದುವುದಿಲ್ಲ ಎಂದು ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕವನ್ನೇ ಬರೆದರು. ನಾವು ಮಾಡಿದ್ದೇನು? ಮಹಾಪ್ರಾಣ ಬೇಕೋ ಬೇಡವೋ, ಸಂಸ್ಕೃತ ಪದಕ್ಕೆ ಬದಲಿ ಯಾವುದು ಎಂದು ಜಗಳವಾಡಿದೆವು. ಮತ್ತೆ ಅದೇ ಅಕ್ಷರ, ಅದೇ ಪದ.

ಮಕ್ಕಳು ನಮಗಿಂತ ಜಾಣರು. ಲಿಡ್ಜ್ ಮತ್ತು ಗ್ಲೈಟ್‌ಮನ್ ದಂಪತಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಮೂರು ವರ್ಷದ ಕನ್ನಡದ ಮಕ್ಕಳನ್ನು ಕುರಿತದ್ದು. ‘ಮಾಡಿಸು’, ‘ಏರಿಸು’ಗಳಲ್ಲಿರುವ ‘ಇಸು’ ಪ್ರತ್ಯಯ ಒಬ್ಬರು ಇನ್ನೊಬ್ಬರಿಂದ ಮಾಡಿಸಿದ್ದಕ್ಕೆ ಒಳ್ಳೆಯ ಗುರುತು. ಆದರೆ ಮಕ್ಕಳು ನೆಚ್ಚಿಕೊಂಡದ್ದು ಅದನ್ನಲ್ಲ, ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನು. ಇದು ಹುಟ್ಟಿನಿಂದಲೇ ಬಂದ ಜ್ಞಾನ ಎಂದು ಅವರೆಂದರು. ಅಷ್ಟು ದೂರ ಹೋಗಬೇಕಿಲ್ಲ ಎಂದು ಮರುವರ್ಷ ಗೋಲ್ಡ್‌ಬರ್ಗ್ ಉತ್ತರಿಸಿದರು. ಆ ವಾದ ಏನೇ ಇರಲಿ, ವಾಕ್ಯದ ಒಟ್ಟು ಆಕಾರವೇ ಮಗುವಿಗೆ ದೊಡ್ಡ ಸುಳಿವು ಎಂಬುದು ಕನ್ನಡದಿಂದಲೇ ಸಿಕ್ಕ ಸಾಕ್ಷಿ.

ಈಗ ಹೊರನಾಡಿನ ನಮ್ಮ ಮನೆಗಳಿಗೆ ಬನ್ನಿ. ಪುಣೆಯ ಮಗುವೊಂದು ‘ನಂಗೆ ಹೋಮ್‌ವರ್ಕ್ ಮಾಡೋಕೆ ಬೇಜಾರು’ ಎಂದರೆ, ‘ಮನೆಗೆಲಸ ಅನ್ನು’ ಎಂದು ತಿದ್ದುತ್ತೇವೆ. ಅದೇ ಮಗು ‘ನಾನು ಸಂತೋಷವಾಗಿದ್ದೇನೆ ನಿಮ್ಮನ್ನು ನೋಡಲು’ ಎಂದರೆ, ಎಷ್ಟು ಚೆನ್ನಾಗಿ ಕನ್ನಡ ಮಾತಾಡುತ್ತೆ ಎಂದು ಬೀಗುತ್ತೇವೆ. ಉಳಿದಿದ್ದ ಕನ್ನಡಕ್ಕೆ ಬೈಗುಳ, ಕಳೆದುಹೋದದ್ದಕ್ಕೆ ಚಪ್ಪಾಳೆ. ಭಾನುವಾರದ ತರಗತಿಗಳಲ್ಲೂ ವರ್ಣಮಾಲೆ, ಹಣ್ಣು ತರಕಾರಿಗಳ ಹೆಸರು, ಬಣ್ಣಗಳ ಹೆಸರು. ವರ್ಷದ ಕೊನೆಗೆ ಮಗುವಿಗೆ ‘ಕುಂಬಳಕಾಯಿ’ ಗೊತ್ತಿರುತ್ತದೆ, ‘ಕುಂಬಳಕಾಯಿ ಬೇಡ್ವಂತೆ’ ಅನ್ನಲು ಬರುವುದಿಲ್ಲ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. 1971ರಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಪ್ರಕಟಿಸಿದ ಅಧ್ಯಯನದಲ್ಲಿ ಸಾಂಗ್ಲಿ ಜಿಲ್ಲೆಯ ಕುಪ್ವಾರ್ ಎಂಬ ಹಳ್ಳಿಯ ಮಾತಿದೆ. ಅಲ್ಲಿನ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿತ್ತು. ಬೇರೆಯಾಗಿ ಉಳಿದದ್ದು ಮುಖ್ಯವಾಗಿ ಪದಗಳು. ಹಾಗಿದ್ದರೆ ಕನ್ನಡವನ್ನು ಉಳಿಸಿದ್ದು ಪದವೇ ಅಲ್ಲವೇ ಎಂದು ಕೇಳಬಹುದು. ಗುರುತಿನ ಮಟ್ಟಿಗೆ ಹೌದು. ಆದರೆ ಅಲ್ಲಿ ಎಲ್ಲ ಭಾಷೆಗಳೂ ದಿನನಿತ್ಯದ ಬಳಕೆಯಲ್ಲಿದ್ದವು, ಕೊಟ್ಟುಕೊಂಡು ಬದಲಾದವು. ನಮ್ಮ ಮನೆಗಳಲ್ಲಿ ಇಂಗ್ಲಿಷ್ ಕೊಡುತ್ತದೆ, ಕನ್ನಡ ಪಡೆಯುತ್ತದೆ. ಅಲ್ಲದೆ ಪದ ಮಾತ್ರ ಎಣಿಸುತ್ತಾ ಕೂತಿದ್ದರೆ ಕುಪ್ವಾರ್‌ನಲ್ಲಿ ಏನಾಯಿತೆಂದು ಯಾರಿಗೂ ತಿಳಿಯುತ್ತಲೇ ಇರಲಿಲ್ಲ.

ಆ ಹಳ್ಳಿಯಿಂದ ನಾವು ಕಲಿಯಬೇಕಾದದ್ದು ಬೇರೆ ಇದೆ. ಮರಾಠಿಯ ‘ಮಲಾ ಭೂಕ್ ಲಾಗ್ಲಿ’, ತಮಿಳಿನ ‘ಎನಕ್ಕು ಪಸಿಕ್ಕುದು’, ಹಿಂದಿಯ ‘ಮುಝೆ ಭೂಖ್ ಲಗೀ ಹೈ’ ಎಲ್ಲದರಲ್ಲೂ ಹಸಿದವರಿಗೆ ‘ಗೆ’ಯ ಸಾಟಿಯ ರೂಪವೇ. ಬೀದಿಯಲ್ಲಿ ಮರಾಠಿ ಕಲಿತ ಮಗುವಿನ ಬಳಿ ಈ ಕನ್ನಡದ ಅಚ್ಚು ಆಗಲೇ ಇದೆ, ಪದ ತುಂಬಿದರೆ ಸಾಕು. ನೆರೆಭಾಷೆಯನ್ನು ಮನೆಯ ಹೊಸ್ತಿಲಾಚೆ ನಿಲ್ಲಿಸಿ, ಇಂಗ್ಲಿಷಿನ ಮೂಲಕ ಮಗುವಿಗೆ ಕನ್ನಡ ಕಲಿಸುವುದಕ್ಕಿಂತ ದಡ್ಡತನ ಇನ್ನೊಂದಿಲ್ಲ.

ಆದ್ದರಿಂದ ಕನ್ನಡ ತರಗತಿ ನಡೆಸುವ ಸಂಘಗಳಲ್ಲಿ ನನ್ನ ಕೋರಿಕೆ: ಪದಪಟ್ಟಿಯನ್ನು ಪಕ್ಕಕ್ಕಿಡಿ. ಒಂದು ವಾರ ‘ನನಗೆ … ಆಗ್ತಿದೆ’, ಮುಂದಿನ ವಾರ ‘… ನೋಡು’, ಅದರ ಮುಂದಿನ ವಾರ ‘… ಅಂತೆ’. ಖಾಲಿ ಜಾಗದಲ್ಲಿ ಮಕ್ಕಳು ಇಂಗ್ಲಿಷ್ ಪದ ತುಂಬಲಿ, ಮರಾಠಿ ತುಂಬಲಿ, ತಡೆಯಬೇಡಿ. ಕನ್ನಡ ಪದವನ್ನು ಯಾವಾಗ ಬೇಕಾದರೂ ಹೇಳಿಕೊಡಬಹುದು. ಅಚ್ಚು ಕೂರುವ ವಯಸ್ಸು ಮಾತ್ರ ಕಾಯುವುದಿಲ್ಲ.