ಎರವಲು ಗ್ಲೌಸಿನ ವಿಕೆಟ್ ಕೀಪರ್

ಪರೀಕ್ಷೆ ಹತ್ತಿರವಿರುವಾಗ ಬ್ಯಾಟು ಹಿಡಿದು ಬಯಲಿಗೆ ಹೊರಟ ಮಗನನ್ನು ಗದರದ ತಂದೆ ಮಂಡ್ಯದಲ್ಲೂ ಸಿಗುವುದಿಲ್ಲ, ಮದ್ದೂರು ಮಳವಳ್ಳಿಗಳಲ್ಲೂ ಸಿಗುವುದಿಲ್ಲ. ಬುಧಿ ಕುಂದರನ್ ಅವರ ತಂದೆಗೂ ಮಗನ ಕ್ರಿಕೆಟ್ ಸುತರಾಂ ಇಷ್ಟವಿರಲಿಲ್ಲ. ಹುಡುಗ ಶಾಲಾ ತಂಡಕ್ಕೆ ಆಯ್ಕೆಯಾದಾಗ ಬಿಳಿ ಉಡುಪಿಗೆ ಗತಿಯೇನು? ತಾಯಿ ಗಂಡನ ಬಟ್ಟೆಯನ್ನೇ ಗುಟ್ಟಾಗಿ ಕತ್ತರಿಸಿ ಮಗನ ಅಳತೆಗೆ ಹೊಲಿದುಕೊಟ್ಟರು. ಅದನ್ನು ತೊಟ್ಟು ಆಡಿದ ಹುಡುಗ ದ್ವಿಶತಕ ಬಾರಿಸಿದ!

ಕುಂದರನ್ ಹುಟ್ಟಿದ್ದು 1939ರ ಅಕ್ಟೋಬರ್ 2ರಂದು, ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ. ಬೆಳೆದದ್ದು ಮುಂಬಯಿಯಲ್ಲಿ. 1960ರ ಜನವರಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಅಲ್ಲಿಯೇ ಮೊದಲ ಟೆಸ್ಟ್ ಆಡಿದಾಗ ಅವರು ಒಂದೂ ರಣಜಿ ಪಂದ್ಯ ಆಡಿರಲಿಲ್ಲ. ಇಕ್ಕಟ್ಟಿನ ಮನೆಯಲ್ಲಿ ನಿದ್ದೆ ಬಾರದೆ ಹಿಂದಿನ ರಾತ್ರಿ ಮಲಗಿದ್ದು ಉದ್ಯಾನದಲ್ಲಿ. ಸ್ವಂತ ಕೀಪಿಂಗ್ ಗ್ಲೌಸೂ ಇರಲಿಲ್ಲ. ಯಾರ ಸ್ಥಾನಕ್ಕೆ ಇವರು ಬಂದರೋ, ಆ ನರೇನ್ ತಮ್ಹಾನೆ ಅವರೇ ತಮ್ಮ ಗ್ಲೌಸು ಕೊಟ್ಟರು. ಎಂತಹ ದೊಡ್ಡ ಮನಸ್ಸು!

ಆಮೇಲೆ ರೈಲ್ವೇಸ್ ಪರ ಆಡಿದ ಮೊದಲ ರಣಜಿ ಪಂದ್ಯದಲ್ಲೇ 205 ರನ್. ಮುಂದೆ ನಮ್ಮ ಮೈಸೂರು ರಾಜ್ಯ ತಂಡಕ್ಕೂ ಆಡಿದರು.

1964ರ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧ ಮದ್ರಾಸ್ ಟೆಸ್ಟ್. ಫಾರೂಕ್ ಇಂಜಿನಿಯರ್ ಅಸ್ವಸ್ಥರಾದ್ದರಿಂದ ಕುಂದರನ್‌ಗೆ ಕರೆ ಬಂತು. ಮೊದಲ ದಿನವೇ 170 ರನ್ ಗಳಿಸಿ, ಕೊನೆಗೆ 192ಕ್ಕೆ ಔಟಾದರು. ದೆಹಲಿಯಲ್ಲಿ ಮತ್ತೊಂದು ಶತಕ. ಸರಣಿಯಲ್ಲಿ ಒಟ್ಟು 525 ರನ್. ಒಂದೇ ಟೆಸ್ಟ್ ಸರಣಿಯಲ್ಲಿ 500 ದಾಟಿದ ವಿಕೆಟ್ ಕೀಪರ್ ಅದುವರೆಗೆ ಜಗತ್ತಿನಲ್ಲೇ ಇರಲಿಲ್ಲ. ಆದರೆ ಅದೇ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾ ಬಂದಾಗ ಸ್ಟಂಪಿನ ಹಿಂದೆ ನಿಂತವರು ಇಂದ್ರಜಿತ್‌ಸಿಂಹಜಿ! ಯಾವ ತಕ್ಕಡಿಯಲ್ಲಿ ತೂಗಿದರೋ.

1967ರಲ್ಲಿ ಎಜ್‌ಬಾಸ್ಟನ್‌ನಲ್ಲಿ ವೇಗದ ಬೌಲರುಗಳು ಗಾಯಗೊಂಡಿದ್ದರಿಂದ ಬ್ಯಾಟಿಂಗನ್ನೂ ಬೌಲಿಂಗನ್ನೂ ಕುಂದರನ್ ಅವರೇ ಆರಂಭಿಸಿದರು. ಏನು ಬೌಲ್ ಮಾಡುತ್ತೀ ಎಂದು ನಾಯಕ ಪಟೌಡಿ ಕೇಳಿದರೆ, ತನಗೂ ಗೊತ್ತಿಲ್ಲ ಎಂದರಂತೆ. ಅದೇ ಕೊನೆಯ ಟೆಸ್ಟ್. 18 ಟೆಸ್ಟ್, 981 ರನ್, ಸರಾಸರಿ 32.70.

ಬಳಿಕ ಅವರು ಸ್ಕಾಟ್ಲೆಂಡಿಗೆ ಹೋದರು. ಗ್ಲಾಸ್ಗೋ ಬಳಿಯ ಕೋಟ್‌ಬ್ರಿಜ್‌ನ ಡ್ರಂಪೆಲಿಯರ್ ಕ್ಲಬ್ಬಿನಲ್ಲಿ ವೃತ್ತಿಪರರಾಗಿ ಆಡಿದರು. 1980ರ ದಶಕದ ಆರಂಭದಲ್ಲಿ, ನಲವತ್ತು ದಾಟಿದ ಮೇಲೆ, ಸ್ಕಾಟ್ಲೆಂಡ್ ತಂಡಕ್ಕೂ ಆಡಿದರು.

2006ರ ಜೂನ್ 23ರಂದು ಗ್ಲಾಸ್ಗೋದಲ್ಲಿ ತೀರಿಕೊಂಡಾಗ, ಭಾರತದ ವಿಕೆಟ್ ಕೀಪರೊಬ್ಬರ ಅತಿ ಹೆಚ್ಚಿನ ಟೆಸ್ಟ್ ಮೊತ್ತ ಆ 192 ಆಗಿಯೇ ಉಳಿದಿತ್ತು. 2013ರಲ್ಲಿ ಮಹೇಂದ್ರ ಸಿಂಗ್ ಧೋನಿ 224 ಹೊಡೆದು ಅದನ್ನು ದಾಟಿದರು. ಅದೂ ಅದೇ ಊರಿನಲ್ಲಿ.