ಹತ್ತು ವರ್ಷದ ಕೂಸಿಗೆ ಫೇಲಿನ ಶಿಕ್ಷೆ ಏಕೆ?



ಪರೀಕ್ಷೆಯ ತಿಂಗಳು ಬಂತೆಂದರೆ ಗ್ರಾಂಟ್ ರೋಡಿನ ಚಾಳುಗಳಲ್ಲಿ ಮಕ್ಕಳ ಆಟ ನಿಲ್ಲುತ್ತದೆ. ಪಾಳಿ ಮುಗಿಸಿ ಬಂದ ತಂದೆ ಹಾಸಿಗೆ ಹಾಸಬೇಕಾದ ಜಾಗದಲ್ಲೇ ಮಗು ಪುಸ್ತಕ ಹಿಡಿದು ಕುಳಿತಿರುತ್ತದೆ. ಅದಕ್ಕಿರುವ ಹೆದರಿಕೆ ಪಾಠದ್ದಲ್ಲ, ಫೇಲಿನದು.

ಎಂಟನೆಯ ಇಯತ್ತೆಯವರೆಗೆ ಯಾವ ಮಗುವನ್ನೂ ತಡೆಹಿಡಿಯಬಾರದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆ ವಿಧಿಸಿತ್ತು. 2019ರಲ್ಲಿ ಪಾರ್ಲಿಮೆಂಟು ಅದನ್ನು ತಿದ್ದಿ, ಐದು ಮತ್ತು ಎಂಟನೆಯ ಇಯತ್ತೆಗಳಲ್ಲಿ ತಡೆಹಿಡಿಯುವ ಅಧಿಕಾರವನ್ನು ಸರಕಾರಗಳಿಗೆ ಕೊಟ್ಟಿತು. 2023ರಲ್ಲಿ ಮಹಾರಾಷ್ಟ್ರ ಸರಕಾರವೂ ಅದರಂತೆ ನಿಯಮ ಮಾಡಿತು. ನಮ್ಮ ಊರಿನ ಕಡೆಯೂ ನೆಮ್ಮದಿಯಿಲ್ಲ. ಕರ್ನಾಟಕದಲ್ಲಿ 2024ರ ಮಾರ್ಚಿಯಲ್ಲಿ ಐದು, ಎಂಟು, ಒಂಬತ್ತನೆಯ ತರಗತಿಗಳ ಬೋರ್ಡ್ ಪರೀಕ್ಷೆ ನಡುವೆಯೇ ನಿಂತು, ಮತ್ತೆ ನಡೆದು, ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಫಲಿತಾಂಶಕ್ಕೇ ತಡೆ ಕೊಟ್ಟಿತು. ಗಂಡ ಹೆಂಡಿರ ಜಗಳದಲ್ಲಿ ಬಡವಾದದ್ದು ಕೂಸು.

ಫೇಲು ಮಾಡದಿದ್ದರೆ ಮಕ್ಕಳು ಓದುವುದಿಲ್ಲವೆಂದು ನಮ್ಮವರೇ ಹೇಳುತ್ತಾರೆ. ಎಂಟನೆಯ ಇಯತ್ತೆ ಮುಟ್ಟಿದರೂ ಸರಿಯಾಗಿ ಓದಲು ಬಾರದ ಮಕ್ಕಳಿದ್ದಾರೆ, ಅದು ಸುಳ್ಳಲ್ಲ. ಆದರೆ ಐದು ವರ್ಷ ಕೈಯಲ್ಲಿಟ್ಟುಕೊಂಡು ಕಲಿಸದ ತಪ್ಪು ಯಾರದು? ಅಡಿಗೆಯವ ಸಾಂಬಾರು ಕೆಡಿಸಿದರೆ ಬಡಿಸಿದ ಮಾಣಿಯ ಪಗಾರ ಕತ್ತರಿಸುವುದನ್ನು ನಾವು ಒಪ್ಪುತ್ತೇವೆಯೆ?

ಉಳ್ಳವರ ಮಗು ಫೇಲಾದರೆ ಟ್ಯೂಷನ್ನಿಗೆ ಹೋಗುತ್ತದೆ. ನಮ್ಮ ಮಗು ಫೇಲಾದರೆ ಶಾಲೆ ಬಿಡುತ್ತದೆ. ಶಾಲೆಯಿಂದ ಹೊರಹಾಕಬಾರದೆಂದು ಕಾಯಿದೆಯಲ್ಲಿದೆ, ನಿಜ. ಆದರೆ ತನಗಿಂತ ಚಿಕ್ಕವರ ಸಾಲಿನಲ್ಲಿ ಕೂರಲು ನಾಚಿ ತಾನಾಗಿಯೇ ಬಿಡುವ ಮಗುವನ್ನು ಯಾವ ಕಾಯಿದೆ ಹಿಡಿದು ನಿಲ್ಲಿಸೀತು? ಫೇಲಾಗಿ ಕಪ್ಪು-ಬಸಿ ತೊಳೆಯಲು ಬಂದವರು ಕೈಯೆತ್ತಿ ಎಂದು ನಮ್ಮ ಸಭೆಯಲ್ಲಿ ಕೇಳಿದರೆ ಎಷ್ಟು ಕೈಗಳು ಏಳುತ್ತವೆ! ಅವುಗಳಲ್ಲಿ ನನ್ನದೂ ಒಂದು.

ಪರೀಕ್ಷೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಮಗು ಎಲ್ಲಿ ಎಡವಿತೆಂದು ತಿಳಿಯಲು ಪರೀಕ್ಷೆ ಬೇಕು. ತಿಳಿದ ಮೇಲೆ ಕಲಿಸಬೇಕು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ನಮ್ಮ ಹಿರಿಯರನ್ನು ಅಲ್ಲಿಗೆ ಎಳೆದು ತಂದದ್ದು ಕಲಿಯುವ ಹಸಿವು, ಫೇಲಿನ ಭಯವಲ್ಲ.

ಫೇಲಾದ ಮಗುವಿಗೆ ಹೆಚ್ಚಿನ ಪಾಠ ಹೇಳಿ, ಎರಡು ತಿಂಗಳೊಳಗೆ ಮರುಪರೀಕ್ಷೆ ಕೊಡಬೇಕೆಂದು ಅದೇ ತಿದ್ದುಪಡಿಯಲ್ಲಿದೆ. ಆ ಪಾಠ ನಡೆಯುತ್ತಿದೆಯೆ? ವಾರದ ರಜೆಯ ದಿನ ಶಾಲೆಗೆ ಹೋಗಿ ಕೇಳಿರಿ. ಒಬ್ಬರೇ ಹೋಗಲು ಅಳುಕಿದ್ದರೆ ನಾಲ್ಕು ಜನ ಕೂಡಿ ಹೋಗಿರಿ. ಸಂಘವೂ ಸಂಜೆ ಎರಡು ಗಂಟೆ ತನ್ನ ಕೋಣೆಯನ್ನು ಮಕ್ಕಳ ಓದಿಗೆ ತೆರೆದಿಡಲಿ. ಪಗಾರಕ್ಕಾಗಿ ಒಂದಾಗುವ ನಾವು ಮಕ್ಕಳಿಗಾಗಿ ಒಂದಾಗಲಾರೆವೆ?