ಖುರ್ಚಿ ಅರ್ಧ, ಕೂಲಿ ಎಷ್ಟು?

ಹೆಣ್ಣುಮಕ್ಕಳಿಗೆ ಅಧಿಕಾರ ಕೊಟ್ಟೆವೆಂದು ಹೇಳಿಕೊಳ್ಳುವುದು ಈಗ ಎಲ್ಲ ಪಕ್ಷಗಳಿಗೂ ರೂಢಿಯಾಗಿದೆ. ಕೊಟ್ಟದ್ದು ಸುಳ್ಳಲ್ಲ. 1983ರ ಕಾಯ್ದೆಯಂತೆ ಕರ್ನಾಟಕವು ಪಂಚಾಯಿತಿಗಳಲ್ಲಿ ನೂರಕ್ಕೆ 25 ಸ್ಥಾನಗಳನ್ನು ಅವರಿಗೆ ಮೀಸಲಿಟ್ಟು 1987ರಲ್ಲಿ ಚುನಾವಣೆ ನಡೆಸಿತು. ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದದ್ದು ಆಮೇಲೆ, 1993ರಲ್ಲಿ. 2010ರಲ್ಲಿ ನಮ್ಮ ರಾಜ್ಯ ಈ ಪಾಲನ್ನು ಅರ್ಧಕ್ಕೆ ಏರಿಸಿತು. ಬಸವಕಲ್ಯಾಣ, ಹುಮನಾಬಾದ ತಾಲೂಕುಗಳ ಹಳ್ಳಿಗಳಲ್ಲಿ 2020ರ ಡಿಸೆಂಬರಿನಲ್ಲಿ ಮತದಾನ ನಡೆದದ್ದೂ ಈ ಲೆಕ್ಕದ ಮೇಲೆಯೇ.

ಆದರೆ ಗೆದ್ದವಳ ಖುರ್ಚಿಯಲ್ಲಿ ಕೂಡುವವರು ಯಾರು? ಎಷ್ಟೋ ಕಡೆ ಸಭೆಗೆ ಗಂಡ ಬರುತ್ತಾನೆ, ಠರಾವು ಪುಸ್ತಕ ಸಹಿಗಾಗಿ ಮನೆಗೆ ಹೋಗುತ್ತದೆ. ಎದ್ದುನಿಂತು ನೀರಿನ ಲೆಕ್ಕ ಕೇಳುವ ಹೆಣ್ಣುಮಕ್ಕಳೂ ಇದ್ದಾರೆ. ಅವರಿಗೆ ‘ಬಾಯಿಬಡಕಿ’ ಎಂಬ ಬಿರುದು! ಇನ್ನು ಮೇಲಿನ ಸಭೆಗಳಲ್ಲಿ ಹೆಸರಿಗೂ ಹೆಣ್ಣುಮಕ್ಕಳಿಲ್ಲ ಎನ್ನುವ ಸ್ಥಿತಿ. 2023ರಲ್ಲಿ ವಿಧಾನಸಭೆಗೆ ಆರಿಸಿಬಂದ 224 ಜನರಲ್ಲಿ ಅವರು 10 ಮಂದಿ. ಬಸವಕಲ್ಯಾಣದ ಶಾಸಕ ಬಿ. ನಾರಾಯಣರಾವ್ ತೀರಿಕೊಂಡ ಮೇಲೆ 2021ರ ಉಪಚುನಾವಣೆಗೆ ಕಾಂಗ್ರೆಸ್ಸು ಅವರ ಪತ್ನಿ ಮಾಲಾ ಅವರನ್ನು ನಿಲ್ಲಿಸಿತು, ಅವರು ಸೋತರು. ಅವರ ಯೋಗ್ಯತೆಯ ಬಗ್ಗೆ ನಮ್ಮ ತಕರಾರಿಲ್ಲ. ಮನೆಯ ಗಂಡಸು ಕಣ್ಮುಚ್ಚಿದಾಗಲೇ ಪಕ್ಷಗಳಿಗೆ ಹೆಣ್ಣುಮಗಳು ನೆನಪಾಗುವುದೇಕೆ ಎಂಬುದು ನಮ್ಮ ಪ್ರಶ್ನೆ.

ಖುರ್ಚಿಯ ಮಾತು ಹೀಗಾದರೆ ಕೂಲಿಯ ಮಾತು ಇನ್ನೂ ಕಹಿ, ಏಕೆಂದರೆ ಅಲ್ಲಿ ನಾವೂ ಪಾಲುದಾರರು. ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಕಾಯ್ದೆ 1976ರಲ್ಲೇ ಆಯಿತು. 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ತಪ್ಪಿಸಿಕೊಳ್ಳುವ ಯುಕ್ತಿ ಬಲು ಸುಲಭ: ಆಕೆಯ ಕೆಲಸಕ್ಕೆ ‘ಹಗುರ ಕೆಲಸ’ ಎಂದು ಹೆಸರಿಟ್ಟರೆ ಮುಗಿಯಿತು. ದಿನವಿಡೀ ಕುಕ್ಕರುಗಾಲಲ್ಲಿ ಕೂತು ಧೂಳು ಕುಡಿಯುತ್ತ ತೊಗರಿ ಹಸನು ಮಾಡುವುದು ಹಗುರವೆನ್ನುವವರು ಒಂದು ದಿನ ಮಾಡಿ ನೋಡಲಿ.

ಕೆಲಸದ ತೂಕ ಗೊತ್ತಾಗಬೇಕಾದರೆ ಅದು ನಿಲ್ಲಬೇಕು. 1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡ್ ಎಂಬ ಪುಟ್ಟ ದ್ವೀಪದೇಶದಲ್ಲಿ ನೂರಕ್ಕೆ ಸುಮಾರು 90 ಹೆಂಗಸರು ಕಚೇರಿ, ಕಾರ್ಖಾನೆ, ಅಡುಗೆಮನೆ ಎಲ್ಲವನ್ನೂ ಬಿಟ್ಟು ಹೊರಬಂದರು. ಮೀನಿನ ಕಾರ್ಖಾನೆಗಳು ಬಂದಾದವು. ಗಂಡಸರು ಮಕ್ಕಳನ್ನು ಕರೆದುಕೊಂಡೇ ಕೆಲಸಕ್ಕೆ ಹೋಗಬೇಕಾಯಿತು. ಮರುವರ್ಷ ಸಮಾನತೆಯ ಕಾಯ್ದೆ ಬಂತು. 1980ರಲ್ಲಿ ವಿಗ್ಡಿಸ್ ಫಿನ್‌ಬೊಗಾದೊತ್ತಿರ್ ಎಂಬಾಕೆಯನ್ನು ಜನ ರಾಷ್ಟ್ರಾಧ್ಯಕ್ಷೆಯಾಗಿ ಆರಿಸಿದರು. 25 ಆಳುಗಳಿರುವ ಮಾಲೀಕನೂ ತಾನು ಸಮಾನ ಸಂಬಳ ಕೊಡುತ್ತಿರುವುದನ್ನು ತಾನೇ ರುಜುವಾತು ಮಾಡಬೇಕೆಂಬ ಕಾಯ್ದೆ ಅಲ್ಲಿ 2018ರಲ್ಲಿ ಜಾರಿಗೆ ಬಂತು.

ಅದು ಪರದೇಶದ ಮಾತೆನ್ನುವವರಿಗೆ ಕಲ್ಯಾಣದ್ದೇ ಮಾತಿದೆ. ಅಕ್ಕಿ ಆಯ್ದು ತರುವ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ನಮಗೆ ಸಲ್ಲುವುದು ಇಷ್ಟೇ, ಮಿಕ್ಕದ್ದನ್ನು ಅಲ್ಲೇ ಸುರಿದು ಬನ್ನಿರೆಂದವಳು ಹೆಂಡತಿ ಲಕ್ಕಮ್ಮ. ದುಡಿಮೆಯ ಲೆಕ್ಕ ಹೇಳುವ ಅಧಿಕಾರ ಆಕೆಗಿತ್ತು. ಬಸವ ಜಯಂತಿಯ ಮೆರವಣಿಗೆಯಲ್ಲಿ ಜೈಕಾರ ಹಾಕುವ ನಾವು ಆ ಅಧಿಕಾರವನ್ನು ನಮ್ಮ ಮನೆಯವರಿಗೆ ಕೊಟ್ಟಿದ್ದೇವೆಯೇ?

ಮಿಲ್ಲಿನ ಬಂಧುಗಳು ಮುಂದಿನ ಪಗಾರದ ದಿನ ಹೆಣ್ಣಾಳಿನ ಕೂಲಿಯನ್ನೂ ಕೇಳಿ ಬರೆದುಕೊಳ್ಳಲಿ. ಸಂಘದ ಪಟ್ಟಿಯಲ್ಲಿ ಅವರ ಹೆಸರು ಏರಲಿ. ವ್ಯಾಪಾರಿ ಬಂಧುಗಳೇ, ಬೆಳಗಿನಿಂದ ಅಂಗಡಿಯ ಹಿಂದೆ ಕೂತು ಪೊಟ್ಟಣ ಕಟ್ಟುವಾಕೆಯ ಹೆಸರು ನಿಮ್ಮ ಲೈಸೆನ್ಸಿನಲ್ಲಿ ಎಲ್ಲಿದೆ?